ಕಾಕಿಯ ಹೆಸರಿನ ಕುರ್ಚಿಗಳು

ದೇವಿಕೊಪ್ಪ, ಸೋಮವಾರ

ಶಂಕ್ರಪ್ಪ ಕಾಕಾ ಅವರಿಗೆ ರೋಹಿಣಿಯ ಶರಣಾರ್ಥಿ.

ಎದುರಿಗೆ ಬಂದು ಮಾತಾಡಾಕ ನನಗ ಮಾರಿ ಇಲ್ಲ, ಅದಕ್ಕ ಬರಿಯಾಕತ್ತೇನ್ರಿ.

ನಮ್ಮ ಹೆಣ್ಮಕ್ಕಳ ಸಂಘದ ಹೊಸ ಆಫೀಸು ಮಣ್ಣಿನ ಇಟ್ಟಂಗಿಯಿಂದ ಕಟ್ಟಿದ್ದು. ಒಳಗೂ ಪ್ಲಾಸ್ಟಿಕ್ ಬ್ಯಾಡ, ಬಿದಿರು ಇಲ್ಲಾ ಹಳೇ ಕಟ್ಟಿಗಿ ಸಾಮಾನ ಅಷ್ಟ ಇರಲಿ ಅಂತ ಕಾರ್ಯದರ್ಶಿಯಾಗಿ ನಾನ ಠರಾವು ಮಾಡಿಸಿದ್ದೆ. ಅದು ಗೊತ್ತಿಲ್ಲದ ನೀವು ಟ್ರ್ಯಾಕ್ಟರ್ ತುಂಬ ಪ್ಲಾಸ್ಟಿಕ್ ಕುರ್ಚಿ ತಂದ್ರಿ. ಎಲ್ಲಾದರ ಬೆನ್ನ ಮ್ಯಾಲೂ ತೀರಿಹೋದ ಶಾರದವ್ವ ಕಾಕಿ ಹೆಸರು ಬರಸಿದ್ರಿ. "ನಿಯಮ ಐತ್ರಿ ಕಾಕಾ, ತಗೊಳ್ಳಾಕ ಬರೂದಿಲ್ಲ" ಅಂದೆ. "ಆತ ಬಿಡವಾ" ಅಂದು ನೀವು ಮತ್ತ ಹೇರಿಕೊಂಡು ಹೋದ್ರಿ.

ಮೊದಲನೇ ಸಭೆಗೆ ಬಿದಿರಿನ ಕುರ್ಚಿ ಸಾಲಲಿಲ್ಲ. ವಯಸ್ಸಾದವರು ನೆಲದ ಮ್ಯಾಲ ಕುಂತು, ಏಳುವಾಗ ಗ್ವಾಡಿ ಹಿಡದ್ರು. ಕಾಕಿನೂ ಹಿಂಗ ಮೊಣಕಾಲು ಒತ್ತಿ ಹಿಡದು ಏಳ್ತಿದ್ಳು. ನೀವು ಕುರ್ಚಿನ ಯಾಕ ತಂದಿದ್ರಿ ಅನ್ನೂದು ನನಗ ಆಗ ತಿಳೀತು.

ಮೊನ್ನೆ ಶನಿವಾರ ಬಮ್ಮಿಗಟ್ಟಿ ಸಾಲ್ಯಾಗ ಆ ಕುರ್ಚಿ ನೋಡಿದೆ. ಹೆಸರು ಇರಲಿಲ್ಲ. "ಶಂಕ್ರಪ್ಪ ಕಾಕಾ ತಾವ ಹೆಸರು ಕೆರದು ತಗದು ಕೊಟ್ರು" ಅಂದ್ರು ಸುನೀತಾ ಟೀಚರ್.

ಅವನ್ನ ತಿರುಗಿ ಕೇಳೂದಿಲ್ರಿ. ಗ್ವಾಡಿಗುಂಟ ಹಳೇ ಕಟ್ಟಿಗೀಲೆ ಉದ್ದನ್ನ ಬೆಂಚು ಮಾಡಸಾಕತ್ತೇವಿ. ಎಷ್ಟು ಎತ್ತರ ಇದ್ರ ಮೊಣಕಾಲಿಗೆ ತ್ರಾಸ ಆಗೂದಿಲ್ಲ ಅನ್ನೂದು ನಿಮಗ ಗೊತ್ತೈತಿ. ಶುಕ್ರವಾರ ಬಡಿಗ್ಯಾರು ಬರ್ತಾರ, ನೀವೂ ಬಂದು ಹೇಳ್ರಿ. ಒಪ್ಪಿದ್ರ ಅದಕ್ಕ ಕಾಕಿ ಹೆಸರು ಬರಸ್ತೇನಿ. ಒಪ್ಪಲಿಲ್ಲಂದ್ರ ಹಂಗಂತ ಬಾಯಿಬಿಟ್ಟು ಬೈರಿ. ನನ್ನ ಕಂಡು ನೀವು ಬ್ಯಾರೆ ಹಾದಿ ಹಿಡಿಯೂದು ನೋಡಾಕ ಆಗವಲ್ದು.

ನಿಮ್ಮ ಓಣಿಯ
ರೋಹಿಣಿ