ಮನೆ ನೋಡಲು ಬಂದವರು

ಮಂಗಳವಾರ, ಜೂನ್ ೧೪

ಮುದ್ದಿನ ಪುಟ್ಟಿಗೆ,

ಸೋದರಮಾವನ ಆಶೀರ್ವಾದಗಳು. ನಿನ್ನ ಕಾಗದ ಬಂದು ವಾರವೇ ಕಳೆಯಿತು. ಅಂಗಡಿಯಲ್ಲಿ ತಲೆ ಎತ್ತಲಾಗದಷ್ಟು ಕೆಲಸ. ಸೋಮಾರಿ ಮಾವ ಎಂದು ಬೈದುಕೊಂಡಿದ್ದರೆ ಅರ್ಧ ಬೈಗುಳ ವಾಪಸ್ ತೆಗೆದುಕೋ.

ಕಾಲೇಜಿನಲ್ಲಿ ಸೀಟು ಸಿಕ್ಕಿದ್ದು ಓದಿ ಕುಣಿಯುವಷ್ಟು ಖುಷಿಯಾಯಿತು. ಸರ್ಕಾರದ ಸ್ಕಾಲರ್‌ಶಿಪ್ ಬಂದರೆ ಮಾತ್ರ ಸೇರಲು ಸಾಧ್ಯ ಎಂದೂ ಬರೆದಿದ್ದೀಯ. ಆಮೇಲೆ ದೂರು: ಮನೆ ನೋಡಲು ಅಧಿಕಾರಿ ಬರುವ ದಿನ ಹರಿದ ಕುರ್ಚಿಗೆ ಒಂದು ಬೆಡ್‌ಶೀಟ್ ಹೊದಿಸಲೂ ಅಮ್ಮ ಬಿಡುತ್ತಿಲ್ಲ, ಕೇಳಿದರೆ ರೇಗುತ್ತಾಳೆ, ನಾಚಿಕೆಗೆ ಅರ್ಜಿಯೇ ಬೇಡ ಅನ್ನಿಸುತ್ತದೆ ಎಂದು. ಹಾಗಾದರೆ ಒಂದು ಕಥೆ ಕೇಳು.

ಇದನ್ನು ಮೊದಲು ಹೇಳಿದವಳು ನಿನ್ನ ಅಜ್ಜಿ, ನೀನು ಕೈಗೂಸಾಗಿದ್ದಾಗ. ಕರೆಂಟು ಹೋದ ಒಂದು ಸಂಜೆ ಎಲ್ಲರೂ ಬಾಗಿಲ ಮೆಟ್ಟಿಲ ಮೇಲೆ ಕುಳಿತಿದ್ದೆವು.

ನಿನ್ನ ಅಜ್ಜ ರೇಡಿಯೊ, ಫ್ಯಾನು ರಿಪೇರಿ ಮಾಡುತ್ತಿದ್ದರಲ್ಲ, ಮುಂದಿನ ಕೋಣೆ ತುಂಬ ಗಿರಾಕಿಗಳ ಸಾಮಾನು. ನಮ್ಮದು ಅನ್ನುವುದಕ್ಕೆ ಹಿಡಿ ಮುರಿದ ಒಂದು ಬೀಸಣಿಗೆ. ಇದು ನಿನ್ನ ಅಮ್ಮನ ಮದುವೆಗೂ ಮೊದಲಿನ ಮಾತು, ಆಗಷ್ಟೇ ಅವಳು ಶಾಲೆಗೇ ಮೊದಲಿಗಳಾಗಿ ಪಾಸಾಗಿದ್ದಳು. ಕಾಲೇಜು ಸೇರಲು ಬೇಕಿದ್ದ ಅವಳ ಸ್ಕಾಲರ್‌ಶಿಪ್‌ಗೂ ಹೀಗೇ ಒಬ್ಬ ಅಧಿಕಾರಿ ಮನೆ ನೋಡಲು ಬರುವವರಿದ್ದರು.

ಅಂದು ಬೆಳಿಗ್ಗೆ ಅಜ್ಜ ರಿಪೇರಿಯಾದ ರೇಡಿಯೊಗಳನ್ನೆಲ್ಲ ಒರೆಸಿ ಗೂಡಿನಲ್ಲಿ ಜೋಡಿಸಿದರು. ಕುರ್ಚಿಯ ಎರಡೂ ಪಕ್ಕಕ್ಕೆ ಫ್ಯಾನು.

"ಅಲ್ಲಾ ರೀ, ಅವ್ರು ಬರೋದೇ ನಮ್ಮ ಬಡತನ ನೋಡೋಕೆ!" ಎಂದಳು ಅಜ್ಜಿ.

"ಬಂದೋರಿಗೆಲ್ಲ ತೋರಿಸೋಕೆ ಬಡತನ ಏನು ಹೊಸ ಸೊಸೆಯೇನೇ? ದೊಡ್ಡೋರು ಬೆವರು ಒರೆಸ್ಕೊಂಡು ಕೂತ್ಕೋಬೇಕಾ? ಸುಮ್ನಿರು."

ಅಧಿಕಾರಿ ಬಂದರು. ಫ್ಯಾನು ತಿರುಗಿತು, ರೇಡಿಯೊ ಹಾಡಿತು. ಆತ ಸುತ್ತ ಕಣ್ಣಾಡಿಸಿ, "ಇವೆಲ್ಲಾ ನಿಮ್ಮದೇನಾ ಯಜಮಾನ್ರೇ?" ಎಂದರು. ಬಾಗಿಲ ಹಿಂದಿನಿಂದ ಅಜ್ಜಿ ಪ್ರಾಣ ಹೋಗುವ ಹಾಗೆ ಕೆಮ್ಮಿದಳು. ಅಜ್ಜ ಎದೆಯುಬ್ಬಿಸಿ, "ಎಲ್ಲಾ ನಿಮ್ಮಂಥೋರ ಆಶೀರ್ವಾದ ಸ್ವಾಮಿ" ಅಂದುಬಿಟ್ಟರು.

ಸ್ಥಿತಿವಂತರು ಎಂದು ಬರೆದುಕೊಂಡು ಆತ ಹೋದರು. ಸ್ಕಾಲರ್‌ಶಿಪ್ ಬರಲಿಲ್ಲ. ಅಜ್ಜ ಕಚೇರಿಗೆ ಓಡಿ, "ಅವೆಲ್ಲ ಗಿರಾಕಿಗಳದ್ದು" ಎಂದು ಅಂಗಲಾಚಿದರೆ ಗುಮಾಸ್ತ, "ಅವತ್ತು ನಿಮ್ಮದು, ಇವತ್ತು ಗಿರಾಕಿಗಳದ್ದಾ?" ಎಂದು ನಕ್ಕನಂತೆ.

ಮೆಟ್ಟಿಲ ಮೇಲೆ ಕುಳಿತು ಅಜ್ಜಿ ಆ ಕೆಮ್ಮನ್ನು ಕೆಮ್ಮಿ ತೋರಿಸಿದಾಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಜ್ಜನೂ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಿನ್ನ ಅಮ್ಮ. ಆ ಸದ್ದಿಗೆ ನೀನು ಎದ್ದು ಅತ್ತೆ. ಈಗಲೂ ಒಬ್ಬನೇ ಇರುವಾಗ ಆ ಮೆಟ್ಟಿಲು, ಆ ನಗು ನೆನಪಾಗುತ್ತವೆ.

ಆದ್ದರಿಂದ ಪುಟ್ಟಿ, ಅಮ್ಮನ ಮೇಲೆ ಮುನಿಸು ಬೇಡ. ಹರಿದ ಕುರ್ಚಿಯನ್ನೇ ಮುಂದಕ್ಕೆಳೆದು ಅಧಿಕಾರಿಯನ್ನು ಕೂರಿಸು. ಬೇರೆ ಯಾವ ಸಹಾಯಧನ ಇದೆ ಎಂದು ಕಾಲೇಜಿನ ಕಚೇರಿಯಲ್ಲೂ ವಿಚಾರಿಸು. ಕೇಳುವುದಕ್ಕೆ ಯಾಕೆ ಸಂಕೋಚ? ಚೆನ್ನಾಗಿ ಓದು, ನೂರು ಕಾಲ ನಗುತ್ತಿರು.

ನಿನ್ನ ಪ್ರೀತಿಯ,
ಮಾವ

ವಿ.ಸೂ.: ಆ ಸಂಜೆಯ ಮರುದಿನ ಬೆಳಿಗ್ಗೆ ಎಲ್ಲರೂ ತಂತಮ್ಮ ಕೆಲಸಕ್ಕೆ ಎದ್ದೆವು. ಅಜ್ಜ ಯಾರದೋ ಫ್ಯಾನು ಬಿಚ್ಚುತ್ತ ಕುಳಿತರು. ನಾನು ಅಂಗಡಿ ತೆರೆಯಲು ಹೋಗುತ್ತಿದ್ದಾಗ ಕಾಲೇಜಿನ ಗೇಟಿನ ಎದುರು ನಿನ್ನ ಅಮ್ಮ ನಿಂತಿದ್ದಳು. ನೀನು ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದೆ. ಒಳಗೆ ಹೋಗುತ್ತಿದ್ದ ಹುಡುಗಿಯರನ್ನೇ ನೋಡುತ್ತಿದ್ದವಳು ನನ್ನನ್ನು ಕಂಡು, "ಹಾಲು ತರೋಕೆ ಬಂದೆ ಕಣೋ" ಎಂದಳು. ಕೈಯಲ್ಲಿ ಪಾತ್ರೆ ಇರಲಿಲ್ಲ.