ತಣಿಸಂದ್ರದ ಮನೆ ಒಪ್ಪಿಸುವ ಬೆಳಿಗ್ಗೆ

ರೀ,

ಈಗಷ್ಟೇ ನಿಮಗೆ ಕಣ್ಣು ಹತ್ತಿದೆ, ಎಬ್ಬಿಸಲಿಲ್ಲ. ಅವ್ವ ಕೆಳಗೆ ಆಟೋದಲ್ಲಿ ಕೂತಿದ್ದಾರೆ. ಮತ್ತಿಕೆರೆಯ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸಲು ನಾವಿಬ್ಬರೂ ಮುಂದೆ ಹೋಗಿರುತ್ತೇವೆ.

ಡಬ್ಬಿಯಲ್ಲಿ ಉಪ್ಪಿಟ್ಟಿದೆ. ತಿಂದೇ ಬ್ಯಾಂಕಿಗೆ ಹೋಗಿ. ಕೀಲಿಗಳೆಲ್ಲ ದೇವರ ಗೂಡಿನಲ್ಲಿವೆ.

ಸಿಟ್ಟಿನಲ್ಲಿ ನೀವು ಬಿಚ್ಚಿಟ್ಟ ಬಲ್ಬುಗಳನ್ನು ನಾನು ಮತ್ತೆ ಹಾಕಿದ್ದೇನೆ. ಮುಟ್ಟಬೇಡಿ. ನಿಮ್ಮ ಗ್ಯಾರೇಜು ಸಾಲದಲ್ಲಿ ಮುಳುಗಿದ ಮೇಲೆ, ದಿವಾಳಿ ಅರ್ಜಿ ಹಾಕುವ ಮೊದಲು ಮನೆಯನ್ನು ನಾವಾಗಿಯೇ ಬ್ಯಾಂಕಿಗೆ ಒಪ್ಪಿಸೋಣ ಎಂದು ವಕೀಲರ ಮುಂದೆ ಹೇಳಿದವರು ನೀವೇ ಅಲ್ಲವೇ? ಹಾಗಿದ್ದ ಮೇಲೆ ಕತ್ತಲು ಮಾಡಿ ಒಪ್ಪಿಸಬಾರದು.

ಅವ್ವನಿಗೆ ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದಿರಲ್ಲ, ನಾನೇ ಹೇಳಿದೆ. "ಸಂಗಮೇಶ ಉಂಡಾನೇನು?" ಎಂದಷ್ಟೇ ಕೇಳಿದರು. ಆದರೆ ಹೊಸ್ತಿಲು ದಾಟುವಾಗ, ದಿನದ ರೂಢಿಯಂತೆ, ಮನೆಯ ಕಡೆ ತಿರುಗಿ "ಹೋಗಿ ಬರ್ತೀನವಾ" ಅಂದುಬಿಟ್ಟರು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡರು.

ನನಗಂತೂ ಏನು ಹೇಳಿ ಹೊರಡಬೇಕೋ ತಿಳಿಯುತ್ತಿಲ್ಲ. ಕೊನೆಗೆ ಬಾಗಿಲು ಹಾಕುವವರು ನೀವು. ನನ್ನ ಪರವಾಗಿಯೂ ಏನಾದರೂ ಹೇಳಿ ಬನ್ನಿ.

ಸ್ಮಿತಾ