ಉಳವಪ್ಪ ಕಾಕಾನ ತಂತಿಬೇಲಿ

ಸೆ. 2, ಸಂಜೆ 7
ಸವಣೂರು ಸಂತೆಯಿಂದ ಬಂದೆ. ಚಾದರ ಮಾರಿ ಗಂಟಲು ಹರಿದಿದೆ. ಇನ್ನು ಬೇರೆಯವರು ಮಾತಾಡಲಿ, ನಾನು ಕೇಳುವವ. ರೇಡಿಯೊದಲ್ಲಿ ಮೀಡಿಯಂ ವೇವ್ ತಿರುವಿದೆ. ಟಕ್... ಟಕ್... ಪಕ್ಕದ ಹೊಲದ ಉಳವಪ್ಪ ಕಾಕಾನ ಝಟ್ಕಾ ಮಷೀನು. ಬೇಲಿ ಮುಟ್ಟಿದ ಹಂದಿಗೆ ಚುರುಕ್ ಅನ್ನಿಸುತ್ತದೆ, ಕೊಲ್ಲುವುದಿಲ್ಲ. ಕೊಲ್ಲುವುದು ನನ್ನ ಸ್ಟೇಷನ್ನುಗಳನ್ನು ಮಾತ್ರ.
ದೂರದ ಸ್ಟೇಷನ್ನಿನ ಹೆಸರು ಕಿವಿಗೆ ಬಿದ್ದರೆ ಅವರಿಗೆ ಬರೆಯುತ್ತೇನೆ, ಕೇಳಿದ್ದು ನಿಜವೆಂದು ಕಾರ್ಡು ಕಳಿಸುತ್ತಾರೆ. ಕೇಳಿದ ಕ್ಷಣವೇ ಬರೆದಿಡಬೇಕು. ಹೆಸರು ಕೇಳದಿದ್ದರೆ ಲೆಕ್ಕಕ್ಕಿಲ್ಲ.

ಸೆ. 5
ಟಕ್ ಟಕ್ ನಿಂತಿದೆ. ಬದಲಿಗೆ ಒಂದೇ ಸಮನೆ ಗುಂಯ್... ಡಯಲ್ ತುಂಬ. ಪುಟ್ಟ ಟ್ರಾನ್ಸಿಸ್ಟರ್ ಹಿಡಿದು ಬದುವಿನ ಮೇಲೆ ನಡೆದೆ. ಬೇಲಿ ಹತ್ತಿರಾದಷ್ಟೂ ಜೋರು. ಕಾಕಾ ಮಷೀನು ಬಿಚ್ಚಿಟ್ಟು, ಪಂಪ್‌ಸೆಟ್ಟಿನ ಕರೆಂಟನ್ನು ನೇರ ತಂತಿಗೆ ಕೊಟ್ಟಿದ್ದಾನೆ!

ಸೆ. 6, ಬೆಳಿಗ್ಗೆ
ತಂತಿಗೆ ಹಂದಿ ಅಂಟಿತ್ತು. ಮೂತಿ ಸುಟ್ಟು ಹಲ್ಲು ಹೊರಗೆ. ಅದನ್ನು ಕಚ್ಚಿ ಎಳೆಯಲು ಹೋದ ಕಾಕಾನದೇ ನಾಯಿ, ಕಚ್ಚಿದ ಹಾಗೇ ಸತ್ತಿದೆ.
"ಕಾಕಾ, ನಾಳೆ ಮನಿಷಾರು ಸಾಯ್ತಾರ್ರಿ."
"ನನ್ನ ಹೊಲಕ್ಕ ನುಗ್ಗಾವ ಮನಿಷಾನ ಅಲ್ಲಲೇ. ನೀ ಚಾದರ ಮಾರು, ಹೋಗು."
"ಒಂದ್ ಚಾದರ ನಿಮಗ ಹೊಚ್ಚಾಕ ಬೇಕಾಗ್ತೈತಿ."
ಅವನ ಹೆಂಡತಿ ಜಯಾ ಚಿಗವ್ವ ಸೆರಗು ಬಾಯಿಗೊತ್ತಿ ನಕ್ಕಳು. ಕಾಕಾ ನಗಲಿಲ್ಲ.

ಸೆ. 9
ಲೈನ್‌ಮನ್‌ಗೆ ಹೇಳಿದೆ. ಅವನು ಬಂದಾಗ ಬೇಲಿಗೆ ಮಷೀನೇ ಇತ್ತು. ಟಕ್ ಟಕ್, ಸಂಭಾವಿತರ ಹಾಗೆ. ಅವನು ಹೋದ ಮೇಲೆ ಗುಂಯ್.

ಸೆ. 15
ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಪ್ಲಾಸ್ಟರ್. ಕಾಕಾನ ಗುದ್ದಲಿ ಕಾವು — ಮೊದಲ ಏಟು ಮೊಣಕೈಗೆ, ಎರಡನೆಯದು ಬಾಯಿಗೆ. ಮುಂದಿನ ಹಲ್ಲು ನಾನೇ ನುಂಗಿದೆ.
"ಚಾಡಿ ಹೇಳ್ತಿ ಏನಲೇ? ಈ ಡಬ್ಬಿ ಕೇಳಿ ನನ್ನ ಜೇಲಿಗೆ ಹಾಕಸ್ತಿ?"
ಟ್ರಾನ್ಸಿಸ್ಟರನ್ನು ಕಲ್ಲಿನ ಮೇಲಿಟ್ಟು ಜಜ್ಜಿದ. ಮೂರನೆಯ ಏಟು ನನ್ನ ತಲೆಗೇ ಇತ್ತು. ಚಿಗವ್ವ ಅಡ್ಡ ಬಂದಳು, ಅವಳ ಭುಜಕ್ಕೆ ಬಿತ್ತು. ಇಲ್ಲದಿದ್ದರೆ ಈ ಪುಟ ಖಾಲಿ.
ಮನೆಯ ದೊಡ್ಡ ರೇಡಿಯೊ ಉಳಿದಿದೆ. ಬಾಯಿ ಹೋದ ವ್ಯಾಪಾರಿಗೆ ಕಿವಿಯಾದರೂ ಇರಲಿ.

ಸೆ. 24, ಸಂಜೆ 6.50
ಕಾಕಾ ಹಾನಗಲ್ಲಿಗೆ ಹೋಗಿದ್ದಾನೆ. ಮಳೆ ಬಿಟ್ಟಿದೆ. ಊರಿಗೇ ಕರೆಂಟ್ ಇಲ್ಲ. ಗುಂಯ್ ಇಲ್ಲ! ರೇಡಿಯೊಗೆ ಸೆಲ್ ಹಾಕಿದೆ. ಡಯಲ್ ತೊಳೆದಿಟ್ಟಂತಿದೆ. ಎಂದೂ ಕೇಳದ ಸ್ಟೇಷನ್ನು... ಗೊತ್ತಿಲ್ಲದ ಭಾಷೆ, ಹೆಣ್ಣು ದನಿ, ನಡುವೆ ಪಿಟೀಲು. ಏಳಕ್ಕೆ ಹೆಸರು ಹೇಳಿಯೇ ಹೇಳುತ್ತಾರೆ.
ಕಿಟಕಿಯಾಚೆ ಚಿಗವ್ವ. ಎಮ್ಮೆ ಹಗ್ಗ ಹರಿದುಕೊಂಡು ಗೋವಿನಜೋಳಕ್ಕೆ ನುಗ್ಗಿದೆ. ಅದನ್ನು ಹೊರಗೆ ಹೊಡೆಯಲು ಬೇಲಿಯ ತಂತಿ ಎತ್ತಿ ಹಿಡಿದಿದ್ದಾಳೆ.
"ಚಿಗವ್ವಾ, ತಂತಿ ಬಿಡ್ರಿ!"
"ಕರೆಂಟ್ ಎಲ್ಲೈತೋ ಜಗದೀಶ? ಬೇಕಾರ ನಿನ್ನ ಡಬ್ಬೀನ ಕೇಳು!"
ಕೇಳಿದೆ. ಸ್ವಚ್ಛ. ಆದರೂ ಹೋಗಿ ಪಂಪ್‌ಸೆಟ್ಟಿನ ಸ್ಟಾರ್ಟರಿನಿಂದ ಬೇಲಿಯ ವೈರು ಕೀಳಬೇಕು. ಎರಡೇ ನಿಮಿಷ, ಹೆಸರೊಂದು ಕೇಳಿ ಹೊರಡುತ್ತೇನೆ...
ಪಿಟೀಲು ನಿಂತಿತು. "ರೇಡಿಯೊ" ಅಂತು ಆ ಹೆಣ್ಣು ದನಿ. ಮುಂದಿನದು —
ಗುಂಯ್
ಲೈಟ್ ಬಂತು ಚಿಗವ್